ಅಡವಿಯ ಶಾಸ್ತ್ರವೂ ಊರಿನ ತಿಳಿವಳಿಕೆಯೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಜಮೀನುದಾರರು ಕಬ್ಬಿನ ತಳಿಯ ವಿಷಯವಾಗಿಯಾಗಲಿ, ಗೊಬ್ಬರದ ವಿಷಯವಾಗಿಯಾಗಲಿ, ಕಾಲುವೆಯ ನೀರಿನ ಸರದಿಯ ವಿಷಯವಾಗಿಯಾಗಲಿ ಯಾರಾದರೂ ನಾಲ್ಕು ಮಾತು ಹೇಳಿದರೆ ಆದರದಿಂದ ಕೇಳುವರು. ಅಡವಿಯ ಮಾತನ್ನು ಎತ್ತಿದರೆ ಮಾತ್ರ, ಅದು ಮಲೆನಾಡಿನವರ ಚಿಂತೆಯು, ಬಯಲುಸೀಮೆಯ ಒಕ್ಕಲಿಗನಿಗೆ ಅದರ ಗೊಡವೆ ಏಕೆ ಎಂಬ ಉತ್ತರವು ಬರುವದುಂಟು. ಈ ಉತ್ತರವು ಯುಕ್ತವಾದುದಲ್ಲ. ಕೃಷ್ಣೆಯು ಹುಟ್ಟುವದು ಮಹಾಬಳೇಶ್ವರದ ಗುಡ್ಡದಲ್ಲಿ. ಘಟಪ್ರಭೆಯು ಹುಟ್ಟುವದು ಅದೇ ಸಹ್ಯಾದ್ರಿಯ ದಕ್ಷಿಣದ ಭಾಗದಲ್ಲಿ. ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರವು ಬರಿದಾದಾಗ ಕೊಯ್ನಾದ ನೀರನ್ನು ಬಿಡಬೇಕೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾದ ಪ್ರಸಂಗಗಳು ಬಂದಿವೆ. 2019ನೆಯ ಇಸವಿಯ ಅಗಸ್ಟ ತಿಂಗಳಲ್ಲಿ ಅದೇ ನದಿಗಳು ದಂಡೆಯನ್ನು ಮೀರಿ ನಿಂತ ಕಬ್ಬನ್ನೂ ಮನೆಗಳನ್ನೂ ಮುಳುಗಿಸಿದವು. ಅಡವಿಯೊಂದೇ ಮಹಾಪೂರವನ್ನು ತಡೆಯಬಲ್ಲದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ದಿನಗಟ್ಟಲೆ ಎಡೆಬಿಡದೆ ಮಳೆ ಸುರಿದರೆ ಎಂಥ ಅಡವಿಯ ಮಣ್ಣಾದರೂ ತುಂಬಿ ಹೊರಚೆಲ್ಲುವದು. ಆದರೂ ಗುಡ್ಡದ ಮಣ್ಣು ಗುಡ್ಡದಲ್ಲಿಯೇ ನಿಲ್ಲುವದಕ್ಕೂ, ಮಳೆಗಾಲ ಕಳೆದ ಮೇಲೆ ಹಳ್ಳಗಳಲ್ಲಿ ಕೆಲವು ತಿಂಗಳು ನೀರು ಹರಿಯುವದಕ್ಕೂ ಗಿಡಮರಗಳ ಹೊದಿಕೆಯು ಕಾರಣವೆಂಬದರಲ್ಲಿ ವಾದವಿಲ್ಲ. ಆದಕಾರಣ ಅಡವಿಯ ಅಭ್ಯಾಸದಲ್ಲಿಯೇ ಆಯುಷ್ಯವನ್ನು ಸವೆಸಿದ ಒಬ್ಬ ವಿಜ್ಞಾನಿಯ ಕೆಲಸವನ್ನು ಈ ಭಾಗದ ಗೌಡರೂ ಪಂಚಾಯತಿಯ ಅಧ್ಯಕ್ಷರೂ ಜಮೀನುದಾರರೂ ಸ್ವಲ್ಪ ಲಕ್ಷ್ಯಪೂರ್ವಕವಾಗಿ ನೋಡುವದು ಅವಶ್ಯವಾಗಿದೆ.

ಆ ವಿಜ್ಞಾನಿಯು ಡಾಕ್ಟರ ಮಾಧವ ಗಾಡಗೀಳರು. ಅವರು ಪಶ್ಚಿಮ ಘಟ್ಟಗಳ ವಿಷಯವಾಗಿ ಬರೆದ ವರದಿಯಿಂದ ಅವರ ಹೆಸರು ಎಲ್ಲರ ಕಿವಿಗೂ ಬಿದ್ದಿದೆ; ಆದರೆ ಆ ವರದಿಯ ಗದ್ದಲದಲ್ಲಿ ಅದಕ್ಕೂ ಮುಂಚಿನ ನಾಲ್ವತ್ತು ವರ್ಷಗಳ ಸಂಶೋಧನೆಯು ಮರೆಯಾಗಿದೆ. ಹಳ್ಳಿಯ ಮುಖಂಡರಿಗೆ ಉಪಯೋಗವಾಗುವ ಸಂಗತಿಯು ಆ ಮರೆಯಾದ ಭಾಗದಲ್ಲಿಯೇ ಹೆಚ್ಚಾಗಿರುವದು.

ಅವರು 1942ರಲ್ಲಿ ಪುಣೆಯಲ್ಲಿ ಹುಟ್ಟಿದರು. ತಂದೆಯವರಾದ ಧನಂಜಯರಾವ ಗಾಡಗೀಳರು ಹೆಸರಾಂತ ಅರ್ಥಶಾಸ್ತ್ರಜ್ಞರು. ಕಬ್ಬು ಬೆಳೆಯುವವರಿಗೆ ಈ ತಂದೆಯ ಹೆಸರು ಮಗನ ಹೆಸರಿಗಿಂತ ಹೆಚ್ಚು ಹತ್ತಿರದ್ದೆಂದು ಹೇಳಬಹುದು. ಏಕೆಂದರೆ ಅಹಮದನಗರ ಜಿಲ್ಲೆಯ ಪ್ರವರಾ ತೀರದಲ್ಲಿ ವಿಠ್ಠಲರಾವ ವಿಖೆ ಪಾಟೀಲರ ಮುಂದಾಳುತನದಲ್ಲಿ ಒಕ್ಕಲಿಗರೇ ಕೂಡಿ ಸಹಕಾರಿ ಸಕ್ಕರೆ ಕಾರಖಾನೆಯನ್ನು ಕಟ್ಟಿದಾಗ ಅದರ ಅಧ್ಯಕ್ಷಸ್ಥಾನವನ್ನು ವಹಿಸಿದವರು ಇವರೇ. ಒಕ್ಕಲಿಗನು ತನ್ನ ಹಿತವನ್ನು ತಾನೇ ತಿಳಿದು ನಡೆಯಿಸಬಲ್ಲನೆಂಬ ತಂದೆಯ ಭರವಸೆಯು ಮಗನಲ್ಲಿ ಬೇರೊಂದು ರೀತಿಯಿಂದ ಮುಂದುವರಿಯಿತು.

ಮುಂಬಯಿಯಲ್ಲಿ ಪ್ರಾಣಿಶಾಸ್ತ್ರದ ಅಭ್ಯಾಸವನ್ನು ಮುಗಿಸಿ ಅವರು ಅಮೇರಿಕೆಯ ಹಾರ್ವರ್ಡ ವಿಶ್ವವಿದ್ಯಾಲಯಕ್ಕೆ ಹೋದರು. 1969ರಲ್ಲಿ ಅಲ್ಲಿ ಡಾಕ್ಟರ ಪದವಿಯನ್ನು ಪಡೆದರು. ಅಲ್ಲಿ ಅವರು ಕೈಗೊಂಡ ವಿಷಯವು ಗಣಿತದ ಸಹಾಯದಿಂದ ಜೀವಿಗಳ ಬಾಳುವೆಯನ್ನು ಅರಿಯುವದಾಗಿದ್ದಿತು. ಒಂದು ಸಸ್ಯವು ತನ್ನಲ್ಲಿದ್ದ ಕಸುವಿನಲ್ಲಿ ಎಷ್ಟು ಭಾಗವನ್ನು ಎಲೆಗೂ ಬೇರಿಗೂ ಕಾಂಡಕ್ಕೂ ವೆಚ್ಚ ಮಾಡುವದು, ಎಷ್ಟನ್ನು ಬೀಜಕ್ಕೆ ಮೀಸಲಿಡುವದು ಎಂಬದೇ ಪ್ರಶ್ನೆಯು. ಓಟೋ ಸೋಲ್‌ಬ್ರಿಗ್ ಎಂಬ ವನಸ್ಪತಿಶಾಸ್ತ್ರಜ್ಞರ ಸಂಗಡ ಅವರು ಡಾಂಡಿಲಿಯನ್ ಎಂಬ ಹಳದಿ ಹೂವಿನ ಕಸವನ್ನು ಪರೀಕ್ಷಿಸಿದರು. ಜನರ ಕಾಲ್ತುಳಿತಕ್ಕೂ ಕತ್ತರಿಸುವಿಕೆಗೂ ಮೇಲಿಂದ ಮೇಲೆ ಸಿಕ್ಕುವ ಸ್ಥಳದಲ್ಲಿ ಬೀಜಕ್ಕೆ ಹೆಚ್ಚು ಪಾಲು ಕೊಡುವ ಬಗೆಯು ಮೇಲುಗೈಯಾಗಿದ್ದಿತು; ಯಾರೂ ಕೆಣಕದ ಸ್ಥಳದಲ್ಲಿ ಎಲೆಗೆ ಹೆಚ್ಚು ಪಾಲು ಕೊಟ್ಟು ನೆರೆಯ ಗಿಡವನ್ನು ಹಿಂದೊತ್ತುವ ಬಗೆಯು ಹೆಚ್ಚಾಗಿದ್ದಿತು. 1972ರಲ್ಲಿ ಪ್ರಕಟವಾದ ಈ ಸಂಶೋಧನವು ಜೀವಶಾಸ್ತ್ರದಲ್ಲಿ ಬಹಳ ಪ್ರಸಿದ್ಧವಾಯಿತು. ಕೆದಕಿ ಬಿಟ್ಟ ದಾರಿಯ ಅಂಚಿನಲ್ಲಿಯೂ ಬೀಳುಬಿದ್ದ ಹೊಲದಲ್ಲಿಯೂ ಕಾಂಗ್ರೆಸ್ ಕಸವೇ ಏಕೆ ಮೊದಲು ಹಬ್ಬುವದು, ಹುಲ್ಲು ದಟ್ಟವಾಗಿ ನಿಂತ ಬಾಣೆಯೊಳಗೆ ಅದು ಅಷ್ಟು ಸುಲಭವಾಗಿ ಏಕೆ ನುಗ್ಗದು ಎಂಬದನ್ನು ನೋಡಿದ ಒಕ್ಕಲಿಗನಿಗೆ ಈ ತತ್ತ್ವವು ಹೊಸತೆಂದು ತೋರಲಿಕ್ಕಿಲ್ಲ. ಬಲ್ಲ ಸಂಗತಿಗೆ ಕಾರಣವನ್ನು ಹುಡುಕಿ ಅಳೆದು ತೋರಿಸುವದೇ ಶಾಸ್ತ್ರದ ಕೆಲಸವು.

ಆ ದೇಶದಲ್ಲಿಯೇ ನಿಂತಿದ್ದರೆ ಅವರಿಗೆ ಮಾನಮರ್ಯಾದೆಗಳಿಗೆ ಕೊರತೆ ಇರುತ್ತಿರಲಿಲ್ಲ. 1971ರಲ್ಲಿ ಅವರು ಮರಳಿ ಪುಣೆಗೆ ಬಂದರು. ಅಲ್ಲಿ ವನಸ್ಪತಿಶಾಸ್ತ್ರಜ್ಞರಾದ ವಿ. ಡಿ. ವರ್ತಕರೊಡನೆ ಸಹ್ಯಾದ್ರಿಯ ದೇವರಕಾಡುಗಳನ್ನು ತಿರುಗಿ ತಿರುಗಿ ನೋಡಿದರು. ಕೊಡಲಿಯನ್ನು ಕಾಣದ ಮರಗಳು, ಬೇರೆಲ್ಲಿಯೂ ಸಿಕ್ಕದ ಬಳ್ಳಿಗಳು, ಅವುಗಳ ನಡುವೆ ಒಂದು ಕಲ್ಲಿನ ದೇವರು. ಇಂಥ ಸ್ಥಳಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವದು ಆ ಕಾಲದ ವಿದ್ಯಾವಂತರ ರೂಢಿಯಾಗಿದ್ದಿತು. ಶ್ರೀವರ್ಧನ ತಾಲೂಕಿನ ಗಾಣಿ ಎಂಬ ಊರಿನವರು ತಮ್ಮ ದೇವರಕಾಡನ್ನು ಕಡಿಯುವ ವಿಚಾರವು ನಡೆದಿದೆ, ಅದನ್ನು ಉಳಿಸಿಕೊಡಬೇಕು ಎಂದು ಅವರಿಗೆ ಬರೆದುಕೊಂಡರು. ಹೋಗಿ ವಿಚಾರಿಸಲು, ಊರವರ ಚಿಂತೆಯು ಕೇವಲ ದೇವರ ಕೋಪದ್ದಾಗಿರಲಿಲ್ಲ. ಸುತ್ತಲಿನ ಕಾಡು ಹೋದ ಮೇಲೆ ಅಲ್ಲಲ್ಲಿಯ ತೊರೆಗಳು ಬತ್ತಿದ್ದವು, ದೇವರಕಾಡಿನೊಳಗಿನ ತೊರೆಯು ಮಾತ್ರ ಹರಿಯುತ್ತಿದ್ದಿತು. ಭಕ್ತಿಯ ಹಿಂದೆ ಇಂಥ ಕಣ್ಣಾರೆ ಕಂಡ ಲೆಕ್ಕವೂ ಇರಬಹುದೆಂಬ ಮಾತನ್ನು ಅವರು ವರ್ತಕರೊಡನೆ ಬರೆದ ಲೇಖನಗಳಲ್ಲಿ ಶಾಸ್ತ್ರಜ್ಞರ ಮುಂದೆ ಇಟ್ಟರು.

1973ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 2004ರ ವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಬಂಡೀಪುರದ ಆನೆಗಳ ಅಭ್ಯಾಸ, 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರದ ಸ್ಥಾಪನೆ, 1986ರಲ್ಲಿ ದೇಶದ ಮೊದಲನೆಯ ಜೀವಗೋಳ ಮೀಸಲೆಂದು ಘೋಷಿತವಾದ ನೀಲಗಿರಿಯ ಯೋಜನೆ, ಇವೆಲ್ಲ ಆ ಕಾಲದ ಕೆಲಸಗಳು. ಆದರೆ ಹಳ್ಳಿಯ ಹಿರಿಯರು ನೆನಪಿನಲ್ಲಿಡತಕ್ಕ ಸಂಶೋಧನವು ಉತ್ತರ ಕನ್ನಡದ ಬಿದಿರಿನದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ದಾಂಡೇಲಿಯಲ್ಲಿ ಕಾಗದದ ಕಾರಖಾನೆಯು 1950ರ ದಶಕದ ಕೊನೆಗೆ ಕೆಲಸವನ್ನು ಆರಂಭಿಸಿತು. ಸುತ್ತಲಿನ ಅಡವಿಯ ಬಿದಿರು ಎಂದೆಂದಿಗೂ ಸಾಲುವದೆಂಬ ಅಂದಾಜಿನ ಮೇಲೆ ಅದಕ್ಕೆ ಬಹು ಅಲ್ಪ ದರದಲ್ಲಿ ಬಿದಿರನ್ನು ಕೊಡಲಾಗುತ್ತಿದ್ದಿತು. ಬುಟ್ಟಿ, ಮೊರ, ತಟ್ಟಿ, ಕಣಜಗಳನ್ನು ಹೆಣೆಯುವ ಮೇದಾರರಾದರೋ ಪೇಟೆಯ ಬೆಲೆಯನ್ನು ಕೊಟ್ಟು ಬಿದಿರನ್ನು ಕೊಳ್ಳಬೇಕಾಗಿದ್ದಿತು. ಹತ್ತು ಹದಿನೈದು ವರ್ಷಗಳಲ್ಲಿ ಬಿದಿರು ವಿರಳವಾಯಿತು. ಮೇದಾರರ ಕೂಗು ಸರಕಾರಕ್ಕೆ ಮುಟ್ಟಿತು. ಬಿದಿರು ಕಡಿಮೆಯಾದದ್ದು ದನ ಮೇಯಿಸುವದರಿಂದ, ಹಳ್ಳಿಯವರು ಕದ್ದು ಕಡಿಯುವದರಿಂದ ಎಂಬದು ಅಧಿಕಾರಿಗಳ ಅಭಿಪ್ರಾಯವಾಗಿದ್ದಿತು. ನಿಜವನ್ನು ಗೊತ್ತುಮಾಡುವ ಕೆಲಸವು 1970ರ ದಶಕದ ಮಧ್ಯದಲ್ಲಿ ಗಾಡಗೀಳರ ಕಡೆಗೆ ಬಂದಿತು.

ಅವರೂ ಅವರ ಸಹಾಯಕರಾದ ಎಸ್. ಎನ್. ಪ್ರಸಾದರೂ ಕಚೇರಿಯ ಕಾಗದಗಳನ್ನು ನೋಡಿ ತೃಪ್ತಿಪಡಲಿಲ್ಲ. ಅಡವಿಯನ್ನು ಹೊಕ್ಕು ಬಿದಿರಿನ ಮೆಳೆಗಳನ್ನು ಆರಿಸಿ, ಪ್ರತಿಯೊಂದು ಮೆಳೆಯಲ್ಲಿ ಹಳೆಯ ಗಳಗಳೆಷ್ಟು, ಆ ವರುಷ ಎದ್ದ ಕಳಲೆಗಳೆಷ್ಟು, ಅವುಗಳಲ್ಲಿ ಉಳಿದು ಗಳವಾದವು ಎಷ್ಟು ಎಂದು ಎಣಿಸಿದರು. ಕಾರಖಾನೆಗಾಗಿ ಬಿದಿರು ಕಡಿಸುವಾಗ ಮೆಳೆಯ ಬುಡದ ಸುತ್ತಲಿನ ಮುಳ್ಳಿನ ಹೊದಿಕೆಯನ್ನು ಸವರಿ ಸ್ವಚ್ಛ ಮಾಡುವ ಪದ್ಧತಿ ಇದ್ದಿತು. ಇದರಿಂದ ಮೆಳೆಯ ಇಕ್ಕಟ್ಟು ತಪ್ಪಿ ಕಳಲೆಯು ನೆಟ್ಟಗೆ ಏಳುವದೆಂಬದು ಪುಸ್ತಕದ ಮಾತು. ಆ ಭಾಗದ ಹಳ್ಳಿಯವರು ಬೇರೆ ಹೇಳಿದರು. ಮುಳ್ಳೇ ಕಳಲೆಯ ಬೇಲಿ. ಅದನ್ನು ತೆಗೆದರೆ ದನಕರು, ಕಾಡುಪ್ರಾಣಿ ಎಲ್ಲವೂ ಬಂದು ಎಳೆಯ ಕಳಲೆಯನ್ನು ಮೇಯ್ದು ಹೋಗುವವು. ಮುಂದೆ ಮೆಳೆಯೇ ಸಾಯುವದು. ಓದುಬರಹ ಬಾರದವರ ಮಾತೆಂದು ಇದನ್ನು ಅವರು ಬಿಡಲಿಲ್ಲ. ಹಳ್ಳಿಯವರು ಹೇಳಿದರೆಂದು ಹಾಗೆಯೇ ಒಪ್ಪಿಕೊಳ್ಳಲೂ ಇಲ್ಲ. ಮುಳ್ಳು ಸವರಿದ ಮೆಳೆಗಳನ್ನೂ ಸವರದೆ ಬಿಟ್ಟ ಮೆಳೆಗಳನ್ನೂ ಹೋಲಿಸಿ ನೋಡಿದರು. ಹಳ್ಳಿಯವರ ಮಾತೇ ನಿಜವಾಯಿತು. ಬಿದಿರಿನ ನಾಶಕ್ಕೆ ಮುಖ್ಯ ಕಾರಣವು ಮೇದಾರನ ಕತ್ತಿಯಲ್ಲ, ಅಳತೆಮೀರಿದ ಕಡಿತವೂ ಈ ತಪ್ಪು ಪದ್ಧತಿಯೂ ಎಂಬದು ಹೊರಬಿದ್ದಿತು. ಅಡವಿಯಲ್ಲಿ ಇಷ್ಟು ಬಿದಿರು ಇದೆಯೆಂದು ಕಾಗದದ ಮೇಲೆ ಬರೆದಿಟ್ಟ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಿನದೆಂಬದೂ ಕಂಡುಬಂದಿತು. ಮುಂದೆ ಹೆಬ್ಬಿದಿರು ಕಿರುಬಿದಿರುಗಳು ಹಲವು ದಶಕಗಳ ತನಕ ಬೆಳೆದು, ಒಮ್ಮೆ ಮಾತ್ರ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ ಸಾಯುವ ಕ್ರಮದ ಮೇಲೆಯೂ ಇವರಿಬ್ಬರು 1984ರಲ್ಲಿ ಬರೆದರು. ಹಾರ್ವರ್ಡದಲ್ಲಿ ಗಣಿತದಿಂದ ಎತ್ತಿದ ಪ್ರಶ್ನೆಗೆ ಹೀಗೆ ಕನ್ನಡ ನಾಡಿನ ಅಡವಿಯಲ್ಲಿ ಒಂದು ಉತ್ತರವು ದೊರಕಿತು.

ಈ ಬಿದಿರಿನ ಕಥೆಯಿಂದ ಹಳ್ಳಿಯವರು ಹೇಳಿದ್ದೆಲ್ಲ ವೇದವಾಕ್ಯವೆಂದು ತೀರ್ಮಾನಿಸುವವರು ಉಂಟು, ಅದು ಸಲ್ಲದು. ಗೋಮಾಳವನ್ನು ಒತ್ತಿ ಉತ್ತವರೂ, ಹಳ್ಳದ ದಂಡೆಯ ಮರಗಳನ್ನು ಇಟ್ಟಂಗಿಭಟ್ಟಿಗೆ ಮಾರಿದವರೂ ಹಳ್ಳಿಯವರೇ. ಗಾಡಗೀಳರ ಹೆಚ್ಚಳವು ಹಳ್ಳಿಯನ್ನು ಹೊಗಳಿದ್ದರಲ್ಲಿ ಇಲ್ಲ, ಹಳ್ಳಿಯವನ ಮಾತನ್ನು ಸಾಕ್ಷಿಯಂತೆ ಕೇಳಿ ಪರೀಕ್ಷೆಗೆ ಒಡ್ಡಿದ್ದರಲ್ಲಿ ಇದೆ. ಸರಕಾರದ ಮಾತಿಗೂ ಪಂಡಿತರ ಮಾತಿಗೂ ಅದೇ ಪರೀಕ್ಷೆಯು ತಪ್ಪಲಿಲ್ಲ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಎಮ್ಮೆ ಮೇಯಿಸುವದನ್ನು 1982ರಲ್ಲಿ ನಿಷೇಧಿಸಿದರು. ಹಕ್ಕಿಗಳಿಗೆ ಅದರಿಂದ ಹಿತವಾಗುವದೆಂದು ಬಲ್ಲವರೇ ಸಲಹೆ ಕೊಟ್ಟಿದ್ದರು. ಆ ಮೇಲೆ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರು ವರ್ಷಾನುಗಟ್ಟಲೆ ಪರೀಕ್ಷಿಸಲು, ಮೇಯುವ ಬಾಯಿಗಳಿಲ್ಲದೆ ನೀರಿನಲ್ಲಿ ಹುಲ್ಲು ಮಿತಿಮೀರಿ ಬೆಳೆದು ಹಕ್ಕಿಗಳಿಗೇ ತೊಂದರೆಯಾದದ್ದು ಕಂಡಿತು. ಈ ದೃಷ್ಟಾಂತವನ್ನು ಗಾಡಗೀಳರು ಮೇಲಿಂದ ಮೇಲೆ ಎತ್ತಿ ಹೇಳುತ್ತಿದ್ದರು. ಘಟ್ಟದಲ್ಲಿ ಒಳ್ಳೆಯ ಕಾಡನ್ನು ಕಡಿದು ನೀಲಗಿರಿ ಗಿಡಗಳನ್ನು ಹಚ್ಚಿದ್ದೂ, ಹೆಚ್ಚು ಮಳೆ ಬೀಳುವಲ್ಲಿ ಅವು ರೋಗಕ್ಕೆ ತುತ್ತಾಗಿ ಒಣಗಿದ್ದೂ ಇಂಥದೇ ಇನ್ನೊಂದು ದೃಷ್ಟಾಂತವು.

ಪಶ್ಚಿಮ ಘಟ್ಟಗಳ ವರದಿಯ ವಿಷಯವಾಗಿ ಹೆಚ್ಚು ಹೇಳುವ ಕಾರಣವಿಲ್ಲ. ಕೇಂದ್ರ ಸರಕಾರವು 2010ರಲ್ಲಿ ನೇಮಿಸಿದ ಮಂಡಳಿಗೆ ಅವರು ಅಧ್ಯಕ್ಷರಾಗಿದ್ದರು. 2011ರಲ್ಲಿ ವರದಿಯನ್ನು ಒಪ್ಪಿಸಿದರು. ಅದು ಹಲವು ತಿಂಗಳು ಕಪಾಟಿನಲ್ಲಿಯೇ ಉಳಿದು, ನ್ಯಾಯಾಲಯದ ತೀರ್ಪಿನ ಮೇಲೆ 2012ರಲ್ಲಿ ಹೊರಗೆ ಬಂದಿತು. ಯಾವ ಭಾಗದಲ್ಲಿ ಯಾವ ಕೆಲಸವು ನಡೆಯಬೇಕು, ಯಾವುದು ಕೂಡದು ಎಂಬದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ನಿಶ್ಚಯಿಸಬೇಕೆಂದು ಅದರಲ್ಲಿ ಸೂಚಿಸಿದ್ದರು. ಆದರೆ ಇಂಗ್ಲೀಷಿನಲ್ಲಿದ್ದ ದೊಡ್ಡ ಗ್ರಂಥವು ಹಳ್ಳಿಗೆ ಮುಟ್ಟುವದಕ್ಕಿಂತ ಮುಂಚೆ ಸುದ್ದಿಯು ಮುಟ್ಟಿತು. ಮನೆ ಕಟ್ಟಲಿಕ್ಕೂ ಒಕ್ಕಲುತನಕ್ಕೂ ಅಡ್ಡಿ ಬರುವದೆಂಬ ಅಂಜಿಕೆಯು ಹಬ್ಬಿತು. ಯಾರಿಗಾಗಿ ಗ್ರಾಮಸಭೆಯ ಹಕ್ಕನ್ನು ಕೇಳಿದರೋ ಆ ಜನರೇ ವಿರೋಧಿಸಿ ಠರಾವು ಮಾಡಿದರು. ಕಸ್ತೂರಿರಂಗನ್‌ರ ಸಮಿತಿಯು 2013ರಲ್ಲಿ ಪ್ರದೇಶವನ್ನು ಬಹಳ ಕಡಿಮೆ ಮಾಡಿತು. ಆ ಮೇಲೆ 2024ರ ವರೆಗೆ ಕರಡು ಪ್ರಕಟಣೆಗಳೇ ಒಂದರ ಹಿಂದೊಂದು ಬಂದವು. ಜನರ ಹಿತದ ಮಾತನ್ನು ಜನರ ಭಾಷೆಯಲ್ಲಿ ಮೊದಲು ಹೇಳದಿದ್ದರೆ ಏನಾಗುವದೆಂಬದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯು ಸಿಕ್ಕಲಾರದು.

ವರದಿಯು ಘಟ್ಟದ ತಾಲೂಕುಗಳದ್ದು. ಈ ನಾಲ್ಕು ತಾಲೂಕುಗಳಿಗೆ ಸಂಬಂಧಿಸಿದ್ದು ಗಾಡಗೀಳರ ಇನ್ನೊಂದು ಕೆಲಸವು. ಊರಿನ ಗಿಡಮರ, ಪ್ರಾಣಿಪಕ್ಷಿ, ಬೀಜ, ಔಷಧಿ, ನೀರುಗಳ ತಿಳಿವಳಿಕೆಯನ್ನು ಊರವರಿಂದಲೇ ಕೇಳಿ ಬರೆದಿಡುವ ಪುಸ್ತಕವೊಂದು ಬೇಕೆಂದು ಅವರೂ ಅವರ ಜೊತೆಗಾರರೂ 1990ರ ದಶಕದ ಮಧ್ಯದಲ್ಲಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ಕರ್ನಾಟಕದ ಹಲವು ಹಳ್ಳಿಗಳಲ್ಲಿಯೂ ಹೊರಗಿನ ರಾಜ್ಯಗಳಲ್ಲಿಯೂ ಪ್ರಯೋಗ ಮಾಡಿದರು. ಇದೇ ಜನತಾ ಜೀವವೈವಿಧ್ಯ ದಾಖಲೆಯು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಈ ದಾಖಲೆಯನ್ನು ಸಿದ್ಧಪಡಿಸುವದೇ ಅದರ ಮುಖ್ಯ ಕೆಲಸವೆಂದು 2004ರ ನಿಯಮಗಳು ಹೇಳಿದವು. ಕಾಯಿದೆಯಂತೂ ಆಯಿತು. ಆದರೆ ಹೊರಗಿನವರು ಎರಡು ದಿನ ಬಂದು, ಬೇರೊಂದು ಊರಿನ ಪಟ್ಟಿಯನ್ನೇ ನಕಲು ಮಾಡಿ ಕಡತಕ್ಕೆ ಸೇರಿಸಿದರೆ ಅದು ದಾಖಲೆಯಾಗದು. ದಾಂಡೇಲಿಯ ಬಿದಿರಿನ ಕಾಗದದ ಅಂದಾಜಿನ ತಮ್ಮನಾಗುವದು.

ಇಂಥ ಪುಸ್ತಕದಲ್ಲಿ ಬರೆಯಲಿಕ್ಕೆ ಬಯಲುಸೀಮೆಯಲ್ಲಿ ಏನಿದೆ ಎನ್ನುವವರು ಬೀಳಗಿ-ಮುಧೋಳ ತಾಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಅಡವಿಯನ್ನು ನೆನೆಯಬೇಕು. ಚಿಂಕಾರಗಳು ಇನ್ನೂ ಅಲ್ಲಿ ಉಳಿದಿರುವದರಿಂದ ಸುಮಾರು 96 ಚದರ ಕಿಲೋಮೀಟರು ಪ್ರದೇಶವು 2016ರಲ್ಲಿ ವನ್ಯಜೀವಿಧಾಮವಾಯಿತು. ಆ ಪ್ರಾಣಿಯು ಯಾವ ತಿಂಗಳಲ್ಲಿ ಏನನ್ನು ಮೇಯುವದು, ಎಲ್ಲಿ ಮರಿ ಹಾಕುವದು, ಕುರಿಹಿಂಡು ಬಂದರೆ ಅದರಿಂದ ದೂರ ಸರಿಯುವದೋ ಇಲ್ಲವೋ ಎಂಬದನ್ನು ಅಲ್ಲಿಯ ಕುರುಬರಷ್ಟು ದಿನ ನೋಡಿದವರು ಯಾರು? ಅವರನ್ನು ಕೇಳುವದಕ್ಕಿಂತ ಮುಂಚೆ ಕುರಿ ಮೇಯಿಸುವದು ಹಾನಿಯೆಂದೂ ಹೇಳಬಾರದು, ಹಾನಿಯಿಲ್ಲವೆಂದೂ ಹೇಳಬಾರದು; ಭರತಪುರದ ಅನುಭವವು ಸಾಕು.

ಅಡವಿಯ ಹೊರಗೂ ಬರೆಯಬೇಕಾದದ್ದು ಬಹಳವಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಊರುಗಳು ಮುಳುಗಿದಾಗ ಮನೆಗೂ ಹೊಲಕ್ಕೂ ಪರಿಹಾರದ ಲೆಕ್ಕವಾಯಿತು. ನದಿಯ ದಂಡೆಯ ಮಡ್ಡಿಯಲ್ಲಿ ಯಾವ ಗಿಡಗಳಿದ್ದವು, ಯಾವ ಮದ್ದಿನ ಬೇರು ಅಲ್ಲಿ ಸಿಕ್ಕುತ್ತಿದ್ದಿತು ಎಂಬದರ ಲೆಕ್ಕವು ಮುದುಕರ ನೆನಪಿನಲ್ಲಿ ಮಾತ್ರ ಉಳಿದಿದೆ. ಕಬ್ಬು ಬಂದ ಮೇಲೆ ಜಮಖಂಡಿ-ಮುಧೋಳಗಳ ಎರೆಹೊಲಗಳಲ್ಲಿ ಬಿಳಿಜೋಳ, ಕುಸುಬಿ, ಅಗಸಿ, ಕಡಲೆಗಳ ಅಕ್ಕಡಿ ಸಾಲುಗಳು ವಿರಳವಾದವು. ಅವುಗಳ ಸಂಗಡ ಮನೆಯ ಹೆಂಗಸರು ಬೂದಿಯಲ್ಲಿ ಕಾಪಾಡುತ್ತಿದ್ದ ಬೀಜಗಳೂ ವಿರಳವಾದವು. ಬದುವಿನ ಮೇಲಿನ ಬನ್ನಿ, ಬೇವು, ಜಾಲಿ, ಬಾರಿಗಿಡಗಳನ್ನು ನೆರಳು ಬೀಳುವದೆಂದು ಕಡಿದರು. ಕಬ್ಬು ಒಕ್ಕಲಿಗನಿಗೆ ರೊಕ್ಕವನ್ನು ಕೊಟ್ಟದ್ದು ನಿಜ; ಅದನ್ನು ಬಿಡಬೇಕೆಂಬದು ಇಲ್ಲಿಯ ಅಭಿಪ್ರಾಯವಲ್ಲ. ಆದರೆ ಮಿತಿಮೀರಿ ನೀರು ಹಾಯಿಸಿದ ಹೊಲಗಳು ಸವಳು-ಜವಳಾಗಿ ಬಿಳಿದಾಗಿ ಬಿದ್ದಿರುವದನ್ನು ಎಲ್ಲರೂ ಕಾಣುತ್ತಿರುವರು. ಅಂಥ ಹೊಲದಲ್ಲಿ ತಾನಾಗಿ ಮೊದಲು ಏಳುವ ಕಸ ಯಾವುದು, ಯಾವ ಗಿಡವು ಸಾಯದೆ ನಿಂತಿದೆ, ಹಿಂದೆ ಬಸಿಗಾಲುವೆಯ ಕೆಲಸವನ್ನು ಮಾಡುತ್ತಿದ್ದ ಹಳ್ಳವನ್ನು ಯಾರು ಯಾವ ವರ್ಷ ಮುಚ್ಚಿದರು, ಇದನ್ನೆಲ್ಲ ಬಲ್ಲವರು ಊರಿನಲ್ಲಿಯೇ ಇರುವರು. ಹಳ್ಳವನ್ನು ಮುಚ್ಚಿದವನು ದೊಡ್ಡ ಜಮೀನುದಾರನಾಗಿದ್ದರೆ ಬರೆಯುವವನ ಕೈ ನಡುಗೀತು. ಸಮಿತಿಯ ಮುಖಂಡರ ಪರೀಕ್ಷೆಯು ಅಲ್ಲಿಯೇ ಆಗುವದು.

ಊರವರು ತಾವಾಗಿ ಇಂಥ ಕೆಲಸವನ್ನು ಮಾಡಲಾರರೆಂಬ ಮಾತು ಈ ಭಾಗದಲ್ಲಿ ಒಪ್ಪತಕ್ಕದ್ದಲ್ಲ. ಸರಕಾರದ ದಾರಿಯನ್ನು ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಒಕ್ಕಲಿಗರೇ ಹಣವನ್ನೂ ದುಡಿಮೆಯನ್ನೂ ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಅದರ ಹೆಸರೇ ಸಾಕ್ಷಿಯು. ನದಿಯನ್ನು ಕಟ್ಟಿದವರಿಗೆ ಒಂದು ಪುಸ್ತಕವು ಭಾರವಾಗಲಿಕ್ಕಿಲ್ಲ. ಆದರೆ ಬ್ಯಾರೇಜಿಗೆ ನೀರಾವರಿಯುಳ್ಳವರು ಮುಂದಾದರೆ ಸಾಕಾಗಿದ್ದಿತು. ಈ ಪುಸ್ತಕಕ್ಕೆ ಹೊಲವಿಲ್ಲದವರೇ ಹೆಚ್ಚು ಬೇಕು. ಕುರಿ ಕಾಯುವವನು, ಮೇದಾರನು, ಮೀನು ಹಿಡಿಯುವ ಅಂಬಿಗನು, ಬಾಣಂತಿಯರಿಗೆ ಔಷಧ ಕೊಡುವ ಮುದುಕಿ, ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಹಳೆಯ ಕಾಲವನ್ನು ಕಂಡ ಹಿರಿಯರು, ಇವರನ್ನು ಪಂಚಾಯತಿಯ ಕಟ್ಟೆಗೆ ಕರೆದು ಕೂಡ್ರಿಸಿ ಕೇಳಬೇಕು. ಹೇಳಿದವನ ಹೆಸರನ್ನೂ ದಿನಾಂಕವನ್ನೂ ಹೇಳಿಕೆಯ ಎದುರಿಗೆ ಬರೆಯಬೇಕು. ಔಷಧಿಯ ಗುಟ್ಟನ್ನು ಹೇಳಲು ಮನಸ್ಸಿಲ್ಲದವನನ್ನು ಒತ್ತಾಯಿಸಬಾರದು. ಇಬ್ಬರ ಮಾತು ಬೇರೆ ಬೇರೆಯಾದರೆ ಎರಡನ್ನೂ ಬರೆದಿಟ್ಟು, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಎಣಿಸಿ ನೋಡಬೇಕು. ಬಿದಿರಿನ ಮೆಳೆಯಲ್ಲಿ ಮಾಡಿದಂಥ ಕೆಲಸವನ್ನು ಬದುವಿನ ಬೇವಿನಲ್ಲಿ ಮಾಡಲಿಕ್ಕೆ ದೊಡ್ಡ ಪದವಿಯು ಬೇಕಾಗಿಲ್ಲ.

ಬರೆದದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ತೋರಿಸಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿ, ಪ್ರತಿಯೊಂದನ್ನು ಶಾಲೆಯಲ್ಲಿಯೂ ಇಡುವದು ಒಳ್ಳೆಯದು. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ ಊರ ಹಳ್ಳದಿಂದ ಆರಂಭಿಸಬಹುದು. ಮೊದಲನೆಯ ಪುಟದಲ್ಲಿ ಹಳ್ಳದ ಹೆಸರು, ಅದು ಹುಟ್ಟುವ ಸ್ಥಳ, ಐವತ್ತು ವರ್ಷಗಳ ಹಿಂದೆ ಅದರಲ್ಲಿ ಯಾವ ಹಬ್ಬದ ವರೆಗೆ ನೀರು ಹರಿಯುತ್ತಿದ್ದಿತು, ಈಗ ಯಾವ ಹಬ್ಬಕ್ಕೆ ಒಣಗುವದು, ದಂಡೆಯ ಮೇಲೆ ಇನ್ನೂ ನಿಂತಿರುವ ಮರಗಳು ಯಾವುವು ಮತ್ತು ಎಷ್ಟು ಎಂಬಷ್ಟನ್ನು ಬರೆದರೆ ಈ ಮಳೆಗಾಲಕ್ಕೆ ಸಾಕು.